ಹೆಲಿಕಾಪ್ಟರ್ ಪೈಲಟ್ ಶಿಕ್ಷಣ: ಪರವಾನಗಿಯ ಆಚೆಗಿನ ಲೆಕ್ಕ

ತಿಪಟೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ, ನಿಟ್ಟೂರಿನ ಬಳಿ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಇದೆ. ಇಲ್ಲಿನ 615 ಎಕರೆ ಪ್ರದೇಶದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಆರಂಭದಲ್ಲಿ ವರ್ಷಕ್ಕೆ 30 ಹೆಲಿಕಾಪ್ಟರುಗಳನ್ನು, ಮುಂದೆ ಹಂತಹಂತವಾಗಿ 60 ಮತ್ತು 90ನ್ನು ತಯಾರಿಸುವುದು ಇಲ್ಲಿಯ ಯೋಜನೆ. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯವು 156 'ಪ್ರಚಂಡ್' ಹೆಲಿಕಾಪ್ಟರುಗಳಿಗಾಗಿ ಇದೇ ಸಂಸ್ಥೆಯೊಡನೆ 62,700 ಕೋಟಿ ರೂಪಾಯಿಗಳ ಒಪ್ಪಂದಗಳಿಗೆ ಸಹಿ ಹಾಕಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ವರ್ತಕರ ಮತ್ತು ನಾರು, ಕೊಬ್ಬರಿ ಪುಡಿ ಘಟಕಗಳ ಮಾಲೀಕರ ಮನೆಗಳಲ್ಲಿ ಈ ಬೆಳವಣಿಗೆಯು ಒಂದು ಹೊಸ ಆಲೋಚನೆಯನ್ನು ಹುಟ್ಟಿಸುವುದು ಸಹಜ: ಮಗನನ್ನೋ ಮಗಳನ್ನೋ ಹೆಲಿಕಾಪ್ಟರ್ ಪೈಲಟ್ ತರಬೇತಿಗೆ ಸೇರಿಸಿದರೆ ಹೇಗೆ? ಆಲೋಚನೆ ತಪ್ಪಲ್ಲ. ಆದರೆ ಕಾರ್ಖಾನೆ ಹತ್ತಿರವಿದೆ ಎಂಬ ಕಾರಣಕ್ಕೆ ಹೊಸದಾಗಿ ಪರವಾನಗಿ ಪಡೆದ ಪೈಲಟ್‌ಗೆ ಅಲ್ಲಿ ಕೆಲಸ ಸಿಗುತ್ತದೆಂದು ಭಾವಿಸುವುದು ತಪ್ಪು. ತಯಾರಾದ ಹೆಲಿಕಾಪ್ಟರನ್ನು ಮೊದಲು ಹಾರಿಸುವವರು ಪರೀಕ್ಷಾ ಪೈಲಟ್‌ಗಳು. ಅವರು ಸಾಮಾನ್ಯವಾಗಿ ಸೇನಾಪಡೆಗಳಲ್ಲಿ ದೀರ್ಘಕಾಲ ಹಾರಾಟ ನಡೆಸಿ, ಅನಂತರ ಪರೀಕ್ಷಾ ಹಾರಾಟದ ವಿಶೇಷ ಶಿಕ್ಷಣ ಪಡೆದವರು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಶಾಲೆ ಬೆಂಗಳೂರಿನಲ್ಲಿಯೇ ಇದೆ. ಶುಲ್ಕ ಕಟ್ಟಿ ನೇರವಾಗಿ ಸೇರುವ ಶಾಲೆ ಅದಲ್ಲ.

ಹೆಲಿಕಾಪ್ಟರ್ ಶಿಕ್ಷಣದಲ್ಲಿ ವಾಣಿಜ್ಯ ಪರವಾನಗಿಯು ಮೊದಲ ಮೆಟ್ಟಿಲು ಮಾತ್ರ. ಕುಟುಂಬವು ಹಣ ಹೊಂದಿಸುವುದು ಸಾಮಾನ್ಯವಾಗಿ ಈ ಮೆಟ್ಟಿಲಿಗೆ. ಸಂಬಳ ಬರುವುದು ಮುಂದಿನ ಮೆಟ್ಟಿಲುಗಳಿಂದ. ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪರವಾನಗಿ ಕೈಯಲ್ಲಿದ್ದೂ ಸಾಲದ ಕಂತು ಮಂಡಿಯ ದುಡಿಮೆಯಿಂದಲೇ ಹೋಗಬೇಕಾಗುತ್ತದೆ.

ಗಂಟೆಗಳೇ ಬಂಡವಾಳ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಹೆಲಿಕಾಪ್ಟರ್ ವಾಣಿಜ್ಯ ಪರವಾನಗಿಗೆ 18 ವರ್ಷ ವಯಸ್ಸು ಮತ್ತು 150 ಗಂಟೆಗಳ ಹಾರಾಟ ಬೇಕು; ಮಾನ್ಯತೆ ಪಡೆದ ಕ್ರಮಬದ್ಧ ತರಬೇತಿಯಾದರೆ 100 ಗಂಟೆ ಸಾಕು. ಇದಕ್ಕಿಂತ ಮೇಲಿನ ಸಾರಿಗೆ ಪೈಲಟ್ ಪರವಾನಗಿಗೆ 21 ವರ್ಷ ವಯಸ್ಸು, 1,000 ಗಂಟೆಗಳ ಹಾರಾಟ. ನಮ್ಮ ದೇಶದಲ್ಲಿ ಪರವಾನಗಿ ನೀಡುವ ಅಧಿಕಾರಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ.

ಈ ಎರಡು ಸಂಖ್ಯೆಗಳ ನಡುವಿನ 850 ಗಂಟೆಗಳನ್ನು ಹಣದಲ್ಲಿ ನೋಡಬೇಕು. ಲೆಕ್ಕದ ಅನುಕೂಲಕ್ಕಾಗಿ ಒಂದು ಗಂಟೆಯ ಹಾರಾಟಕ್ಕೆ 30,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಉದಾಹರಣೆಯ ಅಂಕಿ. ನಿಜವಾದ ದರವನ್ನು ಆಯಾ ಶಾಲೆಯಿಂದ ಲಿಖಿತವಾಗಿ ಪಡೆಯಬೇಕು. ಈ ದರದಲ್ಲಿ 150 ಗಂಟೆಗೆ 45 ಲಕ್ಷ ರೂಪಾಯಿ. ತೋಟ, ಮಳಿಗೆ, ನಿವೇಶನ ಇರುವ ಕುಟುಂಬವು ಕಷ್ಟಪಟ್ಟಾದರೂ ಹೊಂದಿಸಬಹುದಾದ ಮೊತ್ತ. ಉಳಿದ 850 ಗಂಟೆಗೆ 2 ಕೋಟಿ 55 ಲಕ್ಷ! ಇದನ್ನು ಕೈಯಿಂದ ಕೊಟ್ಟು ಕೊಳ್ಳುವವರು ಯಾರೂ ಇಲ್ಲ. ಅಂದರೆ ಈ ಗಂಟೆಗಳು ಖರೀದಿಸತಕ್ಕವಲ್ಲ, ಗಳಿಸತಕ್ಕವು. ಬೇರೊಬ್ಬರು ಇಂಧನಕ್ಕೂ ಯಂತ್ರಕ್ಕೂ ಹಣ ತೆತ್ತು ಹಾರಿಸಲು ಕರೆಯಬೇಕು. ಅಟ್ಟಕ್ಕೇರಿಸಿದ ಕಾಯಿ ಹನ್ನೊಂದು ಹನ್ನೆರಡು ತಿಂಗಳು ಕಾದು ನೀರಿಂಗಿದ ಮೇಲೆಯೇ ಉಂಡೆ ಕೊಬ್ಬರಿಯಾಗಿ ಹರಾಜಿಗೆ ಬರುತ್ತದೆ. ಹಸಿ ಕಾಯಿಗೆ ಕೊಬ್ಬರಿಯ ಧಾರಣೆಯನ್ನು ಯಾವ ಖರೀದಿದಾರನೂ ಕೂಗುವುದಿಲ್ಲ. 150 ಗಂಟೆಯ ಪೈಲಟ್‌ನ ಸ್ಥಿತಿ ಬಹುಮಟ್ಟಿಗೆ ಇದೇ.

ಇದಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆ ಬಿಟ್ಟು ಬಂದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ತೆಂಗು, ರೇಷ್ಮೆ ಕೃಷಿ ಮಾಡಿದವರು. 1997ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್ ಸೇವೆ ಆರಂಭಿಸಿದಾಗ ಅವರ ಜೊತೆಗಿದ್ದವರು ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್. ಆ ಪಾಲುಗಾರಿಕೆಯಲ್ಲಿ ಹಾರಾಟದ ಅನುಭವವೂ ಬಂಡವಾಳವಾಗಿಯೇ ನಿಂತಿತು. ಇಂದಿಗೂ ದೇಶದ ನಾಗರಿಕ ಹೆಲಿಕಾಪ್ಟರ್ ಸಂಸ್ಥೆಗಳಲ್ಲಿ ಸೇನಾಪಡೆಗಳಿಂದ ನಿವೃತ್ತರಾಗಿ ಬಂದ ಪೈಲಟ್‌ಗಳೇ ಹೆಚ್ಚು. ಖಾಸಗಿ ವೆಚ್ಚದಲ್ಲಿ ಕಲಿತ ಇಪ್ಪತ್ತೆರಡರ ತರುಣನು ಉದ್ಯೋಗಕ್ಕಾಗಿ ಸ್ಪರ್ಧಿಸಬೇಕಾದುದು ಇಂಥವರೊಡನೆ.

ವಿಶೇಷ ಅರ್ಹತೆಗಳು

ಹೆಲಿಕಾಪ್ಟರಿನ ಪ್ರತಿಯೊಂದು ಮಾದರಿಗೂ ಪ್ರತ್ಯೇಕ ಅರ್ಹತೆಯನ್ನು ಪಡೆಯಬೇಕು. ಇದನ್ನು ಟೈಪ್ ರೇಟಿಂಗ್ ಎನ್ನುವರು. ಅಮೆರಿಕ ಮೊದಲಾದೆಡೆ ಆರಂಭಿಕ ತರಬೇತಿ ಹೆಚ್ಚಾಗಿ ನಡೆಯುವುದು ರಾಬಿನ್‌ಸನ್ ಆರ್-22, ಆರ್-44 ಎಂಬ ಪಿಸ್ಟನ್ ಎಂಜಿನಿನ ಸಣ್ಣ ಯಂತ್ರಗಳಲ್ಲಿ. ಭಾರತದ ಬಾಡಿಗೆ ಹಾರಾಟ ಸಂಸ್ಥೆಗಳು ಬಳಸುವುದಾದರೋ ಬೆಲ್-407, ಬೆಲ್-412, ಡಾಫಿನ್‌ನಂಥ ಟರ್ಬೈನ್ ಎಂಜಿನಿನ ಯಂತ್ರಗಳನ್ನು. ಆದ್ದರಿಂದ ವಿದೇಶದಿಂದ ಪರವಾನಗಿ ತಂದವನು ಇಲ್ಲಿನ ಪರೀಕ್ಷೆಗಳನ್ನು ಬರೆದು ಭಾರತೀಯ ಪರವಾನಗಿ ಪಡೆಯುವುದರ ಜೊತೆಗೆ ಮಾದರಿ ತರಬೇತಿಯ ವೆಚ್ಚವನ್ನೂ ಭರಿಸಬೇಕಾಗುತ್ತದೆ. ಯಾವ ಮಾದರಿಯೆಂಬುದನ್ನು ಉದ್ಯೋಗ ನೀಡುವ ಸಂಸ್ಥೆಯನ್ನು ವಿಚಾರಿಸದೆ ಆರಿಸಿಕೊಂಡರೆ, ಖರೀದಿದಾರನಿಲ್ಲದ ಮಾಲನ್ನು ದಾಸ್ತಾನು ಮಾಡಿದಂತಾಗುತ್ತದೆ.

ಎರಡನೆಯದು ಇನ್‌ಸ್ಟ್ರುಮೆಂಟ್ ರೇಟಿಂಗ್: ಹೊರಗಿನ ನೆಲ, ದಿಗಂತ ಕಾಣದಿದ್ದಾಗ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ. ಇದರ ಮಹತ್ವಕ್ಕೆ ನೋವಿನ ಸಾಕ್ಷಿಯೊಂದಿದೆ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ವಾಯುಪಡೆಯ ಎಂ.ಐ.-17 ವಿ-5 ಹೆಲಿಕಾಪ್ಟರ್ ಅಪಘಾತಕ್ಕೀಡಾಗಿ ಜನರಲ್ ಬಿಪಿನ್ ರಾವತ್ ಸೇರಿ 14 ಮಂದಿ ಪ್ರಾಣ ಕಳೆದುಕೊಂಡರು. ಕಣಿವೆಯಲ್ಲಿ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ, ಯಂತ್ರವು ಮೋಡದೊಳಗೆ ಹೊಕ್ಕು, ಪೈಲಟ್‌ಗೆ ದಿಕ್ಕು ಮತ್ತು ಸ್ಥಿತಿಯ ಅರಿವು ತಪ್ಪಿತೆಂದು 2022ರ ಜನವರಿಯಲ್ಲಿ ವಿಚಾರಣಾ ಮಂಡಲಿಯ ಪ್ರಾಥಮಿಕ ನಿಷ್ಕರ್ಷೆ ತಿಳಿಸಿತು. ನುರಿತ ಚಾಲಕರಿಗೇ ಹೀಗಾಗಬಹುದಾದರೆ ಹೊಸಬರ ಮಾತೇನು? ಈ ಅರ್ಹತೆಗೆ ಅಂತರರಾಷ್ಟ್ರೀಯ ಮಾನದಂಡ 40 ಗಂಟೆಗಳ ಉಪಕರಣಾಧಾರಿತ ಅಭ್ಯಾಸ. ಅದರಲ್ಲಿ 20 ಗಂಟೆಗಳವರೆಗೆ, ಉನ್ನತ ದರ್ಜೆಯ ಸಿಮ್ಯುಲೇಟರ್ ಬಳಸಿದರೆ 30 ಗಂಟೆಗಳವರೆಗೆ, ನೆಲದ ಮೇಲೆಯೇ ಪೂರೈಸಲು ಅವಕಾಶವುಂಟು. ಆಕಾಶದ ಗಂಟೆಗಿಂತ ಸಿಮ್ಯುಲೇಟರಿನ ಗಂಟೆ ಅಗ್ಗವಾಗಿರುವುದರಿಂದ ಇದು ಗಮನಿಸತಕ್ಕ ಅಂಶ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಕೆನಡಾದ ಸಿ.ಎ.ಇ. ಸಂಸ್ಥೆಗಳು ಜಂಟಿಯಾಗಿ 2010ರಲ್ಲಿ ಆರಂಭಿಸಿದ 'ಹ್ಯಾಟ್ಸಾಫ್' ಅಕಾಡೆಮಿ ಇಂಥ ಸಿಮ್ಯುಲೇಟರ್ ಶಿಕ್ಷಣಕ್ಕೆಂದೇ ಸ್ಥಾಪಿತವಾದುದು; ಧ್ರುವ್, ಬೆಲ್-412, ಡಾಫಿನ್ ಮಾದರಿಗಳ ಚಾಲಕಕೋಶಗಳನ್ನು ಅಲ್ಲಿ ಬದಲಿಸಿ ಜೋಡಿಸುವ ವ್ಯವಸ್ಥೆಯಿದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯ ಹೆಸರು ಎಲ್ಲರಿಗೂ ಪರಿಚಿತವಾದರೂ ಅದು ಪ್ರಸಿದ್ಧವಾದುದು ವಿಮಾನ ಚಾಲನೆಯ ಶಿಕ್ಷಣಕ್ಕೆ ಎಂಬುದನ್ನು ಮರೆಯಬಾರದು.

ಇನ್ನು ಕೆಲಸದ ಸ್ವರೂಪಕ್ಕೆ ತಕ್ಕ ತರಬೇತಿಗಳು. ಮುಂಬಯಿಯಿಂದ ಸಮುದ್ರದೊಳಗಿನ ತೈಲ ವೇದಿಕೆಗಳಿಗೆ ಹಾರುವವರಿಗೆ, ನೀರಿಗೆ ಬಿದ್ದು ಮಗುಚಿದ ಯಂತ್ರದಿಂದ ಹೊರಬರುವ ಅಭ್ಯಾಸ. ಹಿಮಾಲಯದ ಯಾತ್ರಾಸ್ಥಳಗಳಿಗೆ ಹಾರುವವರಿಗೆ ಗುಡ್ಡಗಾಡಿನ ಹಾರಾಟದ ಅನುಭವ. ಹಗ್ಗಕ್ಕೆ ತೂಗುಹಾಕಿದ ಹೊರೆ ಸಾಗಿಸಲು, ರಾತ್ರಿ ಹಾರಾಟಕ್ಕೆ, ಗಣ್ಯರ ಪ್ರಯಾಣಕ್ಕೆ ಬೇರೆಬೇರೆ ಮಟ್ಟ.

ಹೊಸಬನಿಗೆ ಗಂಟೆಗಳನ್ನು ಗಳಿಸಿಕೊಡಬಲ್ಲ ಅರ್ಹತೆಯೆಂದರೆ ತರಬೇತುದಾರನ ಅರ್ಹತೆ. ಶಿಷ್ಯನು ಹಣ ಕೊಟ್ಟು ಹಾರುವಾಗ ಗುರುವಿನ ಲೆಕ್ಕಕ್ಕೂ ಗಂಟೆ ಸೇರುತ್ತದೆ. ಆದರೆ ಇಲ್ಲಿಯೂ ಹೊಸ್ತಿಲೊಂದಿದೆ. ಅಮೆರಿಕದ ನಿಯಮದಲ್ಲಿ ಆರ್-22 ಯಂತ್ರದಲ್ಲಿ ಪಾಠ ಹೇಳಲು ಹೆಲಿಕಾಪ್ಟರುಗಳಲ್ಲಿ 200 ಗಂಟೆ, ಅದರಲ್ಲಿ 50 ಅದೇ ಮಾದರಿಯಲ್ಲಿ ಆಗಿರಬೇಕು. 150 ಗಂಟೆಗೆ ಹಣ ಮುಗಿಸಿಕೊಂಡವನು ಗುರುವೂ ಆಗಲಾರ. ಮೊದಲ ಅಂದಾಜಿನಲ್ಲಿಯೇ ಈ ಹೆಚ್ಚಿನ ಗಂಟೆಗಳನ್ನು ಸೇರಿಸುವುದು ಜಾಣತನ.

ಮತ್ತೊಂದು ದಾರಿ ಸೇನಾಪಡೆ. ಎನ್.ಡಿ.ಎ. ಮೂಲಕ, ಇಲ್ಲವೇ ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆಯಾದವರಿಗೆ ಶುಲ್ಕವಿಲ್ಲ. ತರಬೇತಿಯ ಕಾಲದಲ್ಲೇ ಭತ್ಯೆ ಉಂಟು. ಅಲ್ಪಾವಧಿ ಸೇವೆಯಾದರೆ 14 ವರ್ಷಗಳು. ಹೆಲಿಕಾಪ್ಟರೇ ದೊರೆಯುವುದೆಂಬ ಖಾತರಿಯಿಲ್ಲ. ತರಬೇತಿಯಲ್ಲಿನ ಸಾಧನೆ ಮತ್ತು ಪಡೆಯ ಅಗತ್ಯಗಳಿಗನುಸಾರ ವಿಭಾಗ ನಿಶ್ಚಯವಾಗುತ್ತದೆ. ಬಿ.ಕಾಂ. ಪದವೀಧರರೂ ಈ ಪರೀಕ್ಷೆಗೆ ಕೂರಬಹುದು, ಆದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ವ್ಯಾಪಾರಕ್ಕೆ ಅನುಕೂಲವೆಂದು ಮಕ್ಕಳನ್ನು ಪಿ.ಯು.ಸಿ.ಯಲ್ಲಿ ವಾಣಿಜ್ಯಕ್ಕೆ ಸೇರಿಸುವ ಮುನ್ನ ಮಂಡಿ ಮನೆತನಗಳು ಇದನ್ನು ತಿಳಿದಿರುವುದು ಒಳಿತು.

ಸಾಲ, ತೆರಿಗೆ, ಜಾಮೀನು

45 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 10ರ ಬಡ್ಡಿಯಲ್ಲಿ 15 ವರ್ಷಗಳ ಮಾಸಿಕ ಕಂತು ಸುಮಾರು 48,400 ರೂಪಾಯಿ. ತರಬೇತಿಯ ಅವಧಿಯ ಬಡ್ಡಿ ಇದರಲ್ಲಿ ಸೇರಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ತರಬೇತಿ ಮುಗಿದು ಒಂದು ವರ್ಷದವರೆಗೆ ಕಂತಿಗೆ ಬಿಡುವು. ಉದ್ಯೋಗ ಅಷ್ಟರಲ್ಲಿ ಬರದಿದ್ದರೂ ಕಂತು ಬರುತ್ತದೆ. ಕೊಬ್ಬರಿಯ ಧಾರಣೆಯನ್ನು ನಂಬಿ ಈ ಹೊಣೆ ಹೊರುವಂತಿಲ್ಲ. 2023ರಲ್ಲಿ ಬೆಂಬಲ ಬೆಲೆಗಿಂತ ಕೆಳಗಿಳಿದಿದ್ದ ಉಂಡೆ ಕೊಬ್ಬರಿ 2025ರಲ್ಲಿ ಅದರ ಎರಡು ಪಟ್ಟನ್ನು ದಾಟಿದ್ದನ್ನು ತಿಪಟೂರು ಮಾರುಕಟ್ಟೆ ಕಂಡಿದೆ. ಏರಿದ ವರ್ಷದ ಲಾಭವನ್ನು ನೋಡಿ ಹದಿನೈದು ವರ್ಷದ ಕಂತಿಗೆ ಸಹಿ ಹಾಕಬಾರದು.

ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತದೆ. ತೋಟ ಎಷ್ಟೇ ವಿಸ್ತಾರವಾಗಿದ್ದರೂ ಇಲ್ಲಿ ಅದರ ಬೆಲೆ ಕಡಿಮೆಯೇ. 2002ರ ಸರ್ಫೇಸಿ ಕಾಯಿದೆಯ ವಸೂಲಿ ಅಧಿಕಾರವು ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಮನೆ, ಮಳಿಗೆ, ನಿವೇಶನಗಳನ್ನೇ ಬಯಸುತ್ತವೆ.

ಆಗ ಅನೇಕರ ಕೈ ಹೋಗುವುದು ವ್ಯಾಪಾರದ ಸಿ.ಸಿ. ಖಾತೆಯ ಕಡೆಗೆ. ಇದು ಎರಡು ರೀತಿಯಲ್ಲಿ ನಷ್ಟ. ಸ್ವಂತಕ್ಕೆ ಬಳಸಿದ ಹಣದ ಮೇಲಿನ ಬಡ್ಡಿ ವ್ಯಾಪಾರದ ಖರ್ಚೆಂದು ಮಾನ್ಯವಾಗುವುದಿಲ್ಲ. ಮಗನ ತರಬೇತಿ ಶುಲ್ಕವನ್ನು ಸಂಸ್ಥೆಯ ಖರ್ಚಿಗೆ ಬರೆಯುವುದೂ ನಿಲ್ಲದು. ಕೊಬ್ಬರಿ ಮಂಡಿಗೆ ಹೆಲಿಕಾಪ್ಟರ್ ಪೈಲಟ್ ಏತಕ್ಕೆಂದು ಅಧಿಕಾರಿ ಕೇಳಿದರೆ ಉತ್ತರವಿರುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಕಡಿತ, ಅಂದರೆ 1961ರ ಆದಾಯ ತೆರಿಗೆ ಕಾಯಿದೆಯ 80-ಇ ಕಲಮಿನದು ಮತ್ತು 2025ರ ಹೊಸ ಕಾಯಿದೆಯೂ ಉಳಿಸಿಕೊಂಡಿರುವುದು, ವ್ಯಕ್ತಿಗೆ ಮಾತ್ರ. ಅವಿಭಕ್ತ ಕುಟುಂಬಕ್ಕಾಗಲಿ ಪಾಲುಗಾರಿಕೆ ಸಂಸ್ಥೆಗಾಗಲಿ ಇಲ್ಲ. ಬ್ಯಾಂಕು ಅಥವಾ ಅಧಿಸೂಚಿತ ಸಂಸ್ಥೆಯ ಸಾಲವಾಗಿರಬೇಕು, ಕೈಸಾಲ ಸಲ್ಲದು. ಬಡ್ಡಿಯ ಪೂರ್ತಿ ಮೊತ್ತ ಎಂಟು ವರ್ಷಗಳವರೆಗೆ ಕಡಿತವಾಗುತ್ತದೆ, ಅಸಲು ಆಗದು. ಹೊಸ ತೆರಿಗೆ ಪದ್ಧತಿಯಲ್ಲಿ ಇದು ದೊರೆಯುವುದಿಲ್ಲ. ತೋಟದ ಆದಾಯವೊಂದೇ ಇರುವವರಿಗೆ ತೆರಿಗೆಯೇ ಇಲ್ಲದಿರುವಾಗ ಕಡಿತದಿಂದ ಪ್ರಯೋಜನವೂ ಇಲ್ಲ.

ಡಿ.ಜಿ.ಸಿ.ಎ. ಮಾನ್ಯತೆ ಪಡೆದ ಶಾಲೆಗಳು ನಡೆಸುವ ಮಾನ್ಯ ಹಾರಾಟ ಶಿಕ್ಷಣಕ್ಕೆ ಜಿ.ಎಸ್.ಟಿ. ವಿನಾಯಿತಿ ಉಂಟೆಂದು 2024ರ ಸೆಪ್ಟೆಂಬರಿನ ಮಂಡಳಿ ಸಭೆಯ ನಂತರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಟಿತು. ಶಾಲೆಯು ಶುಲ್ಕದ ಮೇಲೆ ಶೇಕಡಾ 18 ಸೇರಿಸಿದ್ದರೆ ಯಾವ ಬಾಬಿಗೆ ಎಂದು ಕೇಳಬೇಕು. ವಸತಿ, ಸಮವಸ್ತ್ರ, ಮಾನ್ಯತೆಯಿಲ್ಲದ ಹೆಚ್ಚುವರಿ ಪಾಠಗಳ ಸ್ಥಿತಿ ಬೇರೆ ಇರಬಹುದು. ವಿದೇಶಕ್ಕೆ ಹಣ ಕಳಿಸುವವರಿಗೆ, 2025ರ ಏಪ್ರಿಲ್ 1ರಿಂದ, ಅಂಥ ಬ್ಯಾಂಕ್ ಶಿಕ್ಷಣ ಸಾಲದಿಂದ ಹೋದ ಮೊತ್ತಕ್ಕೆ ಮೂಲದಲ್ಲಿ ತೆರಿಗೆ ವಸೂಲಿ ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ಮೀರಿದ ಭಾಗಕ್ಕೆ ಉಂಟು.

ಶುಲ್ಕ ಕಟ್ಟುವುದಕ್ಕೆ ಮೊದಲೇ ಒಂದನೆಯ ದರ್ಜೆಯ ವೈದ್ಯಕೀಯ ತಪಾಸಣೆ ಮುಗಿಸಬೇಕು. ಬಣ್ಣ ಗುರುತಿಸುವ ದೃಷ್ಟಿಯಲ್ಲಿ ದೋಷವಿದ್ದರೆ ಅದು ಲಕ್ಷಗಳು ಹೋದ ಮೇಲೆ ತಿಳಿಯಬಾರದು. ಪರವಾನಗಿಯ ಅವಧಿಯನ್ನು 2023ರಲ್ಲಿ 5ರಿಂದ 10 ವರ್ಷಕ್ಕೆ ವಿಸ್ತರಿಸಲಾಗಿದ್ದರೂ ವೈದ್ಯಕೀಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 12 ತಿಂಗಳಷ್ಟೇ ಆಯುಸ್ಸು. ಇನ್‌ಸ್ಟ್ರುಮೆಂಟ್ ರೇಟಿಂಗಿಗೂ ವರ್ಷವರ್ಷ ಪರೀಕ್ಷೆ. ಕೆಲಸವಿಲ್ಲದ ಕಾಲದಲ್ಲಿ ಇವನ್ನು ಜೀವಂತವಿಡುವ ವೆಚ್ಚವೂ ಮನೆಯವರದೇ.

ಶಾಲೆಗೆ ಪೂರ್ತಿ ಶುಲ್ಕವನ್ನು ಮುಂಗಡವಾಗಿ ಕೊಡಕೂಡದು. ತೂಕವಾಗದ ಮಾಲಿಗೆ ಪೂರ್ತಿ ಹಣ ಎಣಿಸುವ ವರ್ತಕನಿಲ್ಲ. ಹಾರಿದ ಗಂಟೆಗಳಿಗೆ ಅನುಗುಣವಾಗಿ ಕಂತು, ಹಾರಾಟಕ್ಕೆ ಸಿದ್ಧವಿರುವ ಯಂತ್ರಗಳ ಸಂಖ್ಯೆ, ತಿಂಗಳಿಗೆ ಇಷ್ಟು ಗಂಟೆಯೆಂಬ ಭರವಸೆ, ಇಂಧನದ ಬೆಲೆ ಏರಿದಾಗಿನ ಷರತ್ತು, ಬಿಟ್ಟುಹೋದರೆ ಮರುಪಾವತಿ, ಇವೆಲ್ಲ ಬರಹದಲ್ಲಿರಬೇಕು. ಪ್ರತಿ ತಿಂಗಳೂ ಶಾಲೆಯ ಬಿಲ್ಲಿನಲ್ಲಿರುವ ಗಂಟೆಗಳನ್ನು ವಿದ್ಯಾರ್ಥಿಯ ಲಾಗ್‌ಬುಕ್ಕಿನೊಡನೆ ತಾಳೆ ನೋಡಬೇಕು. 2011ರಲ್ಲಿ ನಕಲಿ ದಾಖಲೆಗಳಿಂದ ಪರವಾನಗಿ ಪಡೆದ ವಿಮಾನ ಪೈಲಟ್‌ಗಳ ಪ್ರಕರಣಗಳು ಬಯಲಾದಾಗ ಹಾರಾಟ ಶಾಲೆಗಳ ದಾಖಲೆಗಳೂ ತನಿಖೆಗೆ ಒಳಗಾದವು. ಲಾಗ್‌ಬುಕ್ಕಿನಲ್ಲಿ ಇದ್ದು ಬಿಲ್ಲಿನಲ್ಲಿ ಇಲ್ಲದ ಗಂಟೆ, ಬಿಲ್ಲಿನಲ್ಲಿ ಇದ್ದು ಲಾಗ್‌ಬುಕ್ಕಿನಲ್ಲಿ ಇಲ್ಲದ ಗಂಟೆ, ಎರಡಕ್ಕೂ ಅದೇ ತಿಂಗಳಿನಲ್ಲಿ ಶಾಲೆಯಿಂದ ಲಿಖಿತ ವಿವರಣೆ ಪಡೆದು ಕಡತದಲ್ಲಿ ಇಡಬೇಕು.