ತಂಪಿನ ಲೆಕ್ಕ

ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯಲ್ಲಿ ಕಾಣಿಯೂರು ಎಂಬ ಊರಿದೆ. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಊರು ಇದು. ಸುತ್ತಲೂ ಅಡಿಕೆಯ ತೋಟಗಳು, ತೋಟದ ಅಂಚಿನಲ್ಲಿ ಹಲಸು ಮಾವುಗಳು, ಮೂಡಲಿಗೆ ಘಟ್ಟಗಳ ಸಾಲು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಸೆಕೆಯ ಮಾತೇಕೆ ಎಂದು ಬಯಲುಸೀಮೆಯವರಿಗೆ ಅನ್ನಿಸಬಹುದು. ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಇಲ್ಲಿ ಕಳೆದವರು ಹಾಗೆ ಕೇಳಲಾರರು. ರಾಯಚೂರಿನಲ್ಲಿ ಉಷ್ಣಮಾಪಕವು 40 ಡಿಗ್ರಿಯನ್ನು ದಾಟಿದರೂ ನೆರಳಿಗೆ ಸರಿದರೆ ಬೆವರು ಆರುತ್ತದೆ. ಇಲ್ಲಿ 34 ಡಿಗ್ರಿಗೇ ಬೆವರು ಧಾರೆಯಾಗಿ ಇಳಿಯುತ್ತದೆ, ಆರುವುದಿಲ್ಲ.

ಬೆವರು ಆವಿಯಾಗುವಾಗ ಮೈಯ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಗಾಳಿಯಲ್ಲಿ ಮೊದಲೇ ನೀರಿನ ಆವಿ ತುಂಬಿದ್ದರೆ ಬೆವರಿಗೆ ಅಲ್ಲಿ ಎಡೆಯಿಲ್ಲ. ಕಲಬುರಗಿ, ವಿಜಯಪುರಗಳ ಮನೆಗಳಲ್ಲಿ ನೀರು ತುಂಬಿ ತಿರುಗಿಸುವ ಕೂಲರ್ ಬಹಳ ಉಪಕಾರಿ. ಆದರೆ ಅದನ್ನೇ ಕಾಣಿಯೂರಿನ ಮುಚ್ಚಿದ ಕೋಣೆಯಲ್ಲಿಟ್ಟರೆ, ತೊಯ್ದ ಗಾಳಿಗೆ ಇನ್ನಷ್ಟು ನೀರನ್ನು ಬೆರೆಸಿದಂತಾಗುತ್ತದೆ. ಒಂದೇ ರಾಜ್ಯದ ಎರಡು ಸೀಮೆಗಳಿಗೆ ಒಂದೇ ಯಂತ್ರ ಹೊಂದುವುದಿಲ್ಲ.

ಇಂಥ ಊರಿನ ಒಂದು ಗೃಹೋದ್ಯಮವನ್ನು ಕಲ್ಪಿಸಿಕೊಳ್ಳಬಹುದು. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು. ಒಂದು ಪಕ್ಕದಲ್ಲಿ ಅಡುಗೆಮನೆ. ಅಲ್ಲಿ ಹಲಸಿನ ಬೆಳೆದ ಸೊಳೆಗಳನ್ನು ಹಬೆಯಲ್ಲಿ ಬೇಯಿಸಿ, ರುಬ್ಬಿ, ಉಪ್ಪು ಖಾರ ಬೆರೆಸಿ ಹಪ್ಪಳ ಒತ್ತುತ್ತಾರೆ. ಇನ್ನೊಂದು ಒಲೆಯ ಮೇಲೆ ಬಾಣಲೆಯಲ್ಲಿ ಸೊಳೆಗಳು ಹುರಿಯುತ್ತಿರುತ್ತವೆ. ಮತ್ತೊಂದು ಪಕ್ಕದಲ್ಲಿ ಕಾರ್ಯಶಾಲೆ. ಬಿಸಿಲಿನಲ್ಲಿ ಒಣಗಿ ಬಂದ ಹಪ್ಪಳಗಳನ್ನು ಅಲ್ಲಿ ತೂಗಿ, ಚೀಲಕ್ಕೆ ತುಂಬಿ, ಬಾಯಿ ಅಂಟಿಸುತ್ತಾರೆ. ಆರು ಮಂದಿ ಹೆಂಗಸರ ದುಡಿಮೆ. ಹಲಸಿನ ಕಾಲವೂ ಸೆಕೆಯ ಕಾಲವೂ ಒಂದೇ ಆದುದರಿಂದ ಕೆಲಸವನ್ನು ಮುಂದೂಡುವಂತಿಲ್ಲ. ಒಲೆಯ ಬಳಿ ನಿಂತವರಿಗೆ ತಲೆ ಸುತ್ತುತ್ತದೆ. ಮಳೆ ಹಿಡಿದ ಮೇಲೆ ತುಂಬಿಸಿದ ಹಪ್ಪಳ ಮೆತ್ತಗಾಗಿ ಬೂಸಲು ಹಿಡಿದರೆ ಅಂಗಡಿಯವರು ಹಿಂದಿರುಗಿಸುತ್ತಾರೆ. ಹೀಗಿರುವಾಗ ಏಸಿ ಕೊಳ್ಳುವ ಯೋಚನೆ ಬರುವುದು ಸಹಜ. ಕೊಳ್ಳುವುದು ಯಾವುದನ್ನು, ಎಷ್ಟನ್ನು, ಎಲ್ಲಿಗೆ?

ಹವಾನಿಯಂತ್ರಣ ಯಂತ್ರವು ಹುಟ್ಟಿದ್ದು ಒಂದು ಕಾರ್ಯಶಾಲೆಗಾಗಿಯೇ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜರುಗಿಹೋಗುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್, ತಣ್ಣನೆಯ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವವನ್ನು ಇಳಿಸುವ ಏರ್ಪಾಡನ್ನು ರೂಪಿಸಿದನು. ಹಪ್ಪಳದ ಕಾರ್ಯಶಾಲೆಗೆ ಬೇಕಾದುದೂ ಇದೇ. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಗಾಳಿಯು 32 ಡಿಗ್ರಿಯಲ್ಲಿದ್ದು ಅದರ ಆರ್ದ್ರತೆ ನೂರಕ್ಕೆ 75ರಷ್ಟಿದ್ದರೆ, ಕಣ್ಣಿಗೆ ಕಾಣದಂತೆ ಸುಮಾರು ಒಂದು ಲೀಟರ್ ನೀರು ಆ ಕೋಣೆಯೊಳಗೆ ತೇಲುತ್ತಿರುತ್ತದೆ. ಏಸಿಯ ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವ ನೀರು ಗಾಳಿಯಿಂದ ಹಿಂಡಿ ತೆಗೆದ ಈ ನೀರೇ ಆಗಿದೆ.

ಚಿತ್ರಮಂದಿರ, ದೊಡ್ಡ ಆಸ್ಪತ್ರೆಗಳಲ್ಲಿ ಒಂದೆಡೆ ತಂಪು ಮಾಡಿದ ಗಾಳಿಯನ್ನು ತಗಡಿನ ಅಗಲವಾದ ನಾಳಗಳ ಮೂಲಕ ಎಲ್ಲ ಕೋಣೆಗಳಿಗೂ ಹಂಚುವುದುಂಟು. ನಮ್ಮ ಉದಾಹರಣೆಯ ಕಟ್ಟಡಕ್ಕೆ ಅದು ಹೊಂದದು. ಬಾಣಲೆಯ ಎಣ್ಣೆಯ ಘಾಟು ನಾಳ ಹಿಡಿದು ಹಪ್ಪಳದ ಕೋಣೆಗೆ ಬರುತ್ತದೆ. ನಾಳವಿಲ್ಲದ ‘ಸ್ಪ್ಲಿಟ್’ ಏಸಿಯಲ್ಲಿ ಒಳಗಿನ ಪೆಟ್ಟಿಗೆ ಗೋಡೆಯ ಮೇಲೆ, ಹೊರಗಿನ ಪೆಟ್ಟಿಗೆ ಬಯಲಿನಲ್ಲಿ. ನಡುವೆ ತಾಮ್ರದ ಸಣ್ಣ ಕೊಳವೆಗಳು ಮಾತ್ರ. ಅದು ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸಿ ತಂಪಾಗಿಸುತ್ತದೆ. ಹಾಗಾಗಿ ಒಂದೊಂದು ಕೋಣೆಯ ಲೆಕ್ಕವನ್ನೂ ಬೇರೆ ಬೇರೆಯಾಗಿ ಹಾಕಬಹುದು.

ಲೆಕ್ಕದ ಮಾನ ‘ಟನ್’. ಇದು ಯಂತ್ರದ ತೂಕವಲ್ಲ. ಅಮೆರಿಕದ ಅಳತೆಯ ಒಂದು ಟನ್ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖಕ್ಕೆ ಸಮನಾದ ಶಾಖವನ್ನು ಅಷ್ಟೇ ಹೊತ್ತಿನಲ್ಲಿ ಹೊರದೂಡಬಲ್ಲ ಯಂತ್ರವು ಒಂದು ಟನ್ನಿನದು. ಎಂದರೆ ಸುಮಾರು ಮೂರೂವರೆ ಕಿಲೋವಾಟ್. ಈಗ ಅಡುಗೆಮನೆಯನ್ನು ನೋಡಬಹುದು. ದೊಡ್ಡ ಒಲೆಯೊಂದು ಗಂಟೆಗೆ ಕಾಲು ಕಿಲೋ ಅನಿಲವನ್ನು ಉರಿಸಿದರೆ ಹುಟ್ಟುವ ಶಾಖ ಮೂರು ಕಿಲೋವಾಟಿಗೂ ಹೆಚ್ಚು. ಒಂದು ಟನ್ನಿನ ಯಂತ್ರದ ಬಹುಪಾಲು ಶಕ್ತಿಯು ಆ ಒಂದು ಒಲೆಯ ಶಾಖವನ್ನು ಹೊರಹಾಕುವುದಕ್ಕೇ ಸವೆದುಹೋಗುತ್ತದೆ. ಹಬೆಯ ಪಾತ್ರೆಯಿಂದ ಒಂದು ಲೀಟರ್ ನೀರು ಆವಿಯಾಗಿ ಕೋಣೆಯಲ್ಲೇ ಉಳಿಯಿತೆನ್ನೋಣ. ಅದನ್ನು ಪುನಃ ನೀರಾಗಿಸಲು ಅದೇ ಯಂತ್ರವು ಹನ್ನೊಂದು ಹನ್ನೆರಡು ನಿಮಿಷ ಬೇರಾವ ಕೆಲಸವನ್ನೂ ಮಾಡದೆ ದುಡಿಯಬೇಕು. ಅನಿಲವು ಉರಿಯುವಾಗಲೂ ನೀರಿನ ಆವಿ ಹುಟ್ಟುತ್ತದೆ. ಒಂದು ಕಿಲೋ ಅನಿಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು. ಇದು ಹಲವರು ಗಮನಿಸದ ಸಂಗತಿ.

ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಏಸಿ ಕೆಲಸ ಮಾಡಬೇಕಾದರೆ ಕೋಣೆಯನ್ನು ಮುಚ್ಚಬೇಕು. ಒಲೆ ಉರಿಯಬೇಕಾದರೆ ಗಾಳಿ ಬರಬೇಕು. ಮುಚ್ಚಿದ ಕೋಣೆಯಲ್ಲಿ ಒಲೆ ಉರಿದರೆ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೌದೆ ಒಲೆಯಿರುವಲ್ಲಂತೂ ಏಸಿಯ ಮಾತನ್ನೇ ಆಡಬಾರದು. ಆದ್ದರಿಂದ ಅಡುಗೆಮನೆಗೆ ಮೊದಲು ಬೇಕಾದುದು ಏಸಿಯಲ್ಲ. ಒಲೆಯ ಮೇಲೆ ಅಗಲವಾದ ತಗಡಿನ ಕೊಡೆ, ಅದರ ನೆತ್ತಿಯಲ್ಲಿ ಬಲವಾದ ಹೊರದೂಡುವ ಫ್ಯಾನು, ಎದುರುಗೋಡೆಯಲ್ಲಿ ಹೊಸ ಗಾಳಿ ಬರಲು ಕಿಂಡಿ. ಶಾಖವನ್ನೂ ಹಬೆಯನ್ನೂ ಹುಟ್ಟಿದಲ್ಲಿಯೇ ಹಿಡಿದು ಹೊರಗೆ ಕಳುಹಿಸಲು ತಗಲುವ ವೆಚ್ಚ ಅಲ್ಪ. ಹಪ್ಪಳ ಒತ್ತುವವರು ಒಲೆಯ ಪಕ್ಕದಲ್ಲೇ ಕೂರಬೇಕೆಂದೇನೂ ಇಲ್ಲ. ನಡುವೆ ಒಂದು ಅಡ್ಡಗೋಡೆ ಎಬ್ಬಿಸಿದರೆ ಅರ್ಧ ಸೆಕೆ ಅಲ್ಲಿಗೇ ನಿಲ್ಲುತ್ತದೆ.

ಕಾರ್ಯಶಾಲೆಗೆ ಏಸಿ ಸಾರ್ಥಕ. ಆದರೆ ಅದಕ್ಕೂ ಮುನ್ನ ಮಾಡನ್ನು ನೋಡಬೇಕು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಈ ಸೀಮೆಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿಗೆ ತಿರುಗಿದವು. ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಸೆಕೆಯ ಊರಿಗೆ ಅದೊಂದು ಗುಣ. ಏಸಿಗೆ ಅದೇ ದೋಷ. ತಂಪಾಗಿಸಿದ ಗಾಳಿ ಸೋರಿ, ಹೊರಗಿನ ತೊಯ್ದ ಗಾಳಿ ಒಳನುಗ್ಗುತ್ತದೆ. ಹೆಂಚಿನ ಕೆಳಗೆ ಸಂದಿಲ್ಲದ ಒಳಛಾವಣಿಯನ್ನು ಕಟ್ಟದೆ ಯಂತ್ರವನ್ನು ತರುವುದು ತೂತುಕೊಡಕ್ಕೆ ನೀರು ಸೇದಿದಂತೆ.

ಮುಚ್ಚಿದ 150 ಚದರಡಿಯ ಕೋಣೆಗೆ, ಮೂವರು ಕೆಲಸ ಮಾಡುವಲ್ಲಿ, ಒಂದೂವರೆ ಟನ್ ಸಾಕು. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಎರಡು ಟನ್ನಿನದನ್ನು ತರುವವರಿದ್ದಾರೆ. ಅದು ಗಾಳಿಯನ್ನು ಬೇಗನೆ ತಣಿಸಿ ನಿಂತುಬಿಡುತ್ತದೆ. ನೀರನ್ನು ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿರುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಬೇಡಿಕೆಗೆ ತಕ್ಕಂತೆ ವೇಗವನ್ನು ಇಳಿಸಿಕೊಂಡು ಬಿಡದೆ ನಡೆಯುವ ‘ಇನ್ವರ್ಟರ್’ ಬಗೆಯ ಯಂತ್ರವು ಈ ದೃಷ್ಟಿಯಿಂದಲೂ ಮೇಲು.

ವಿದ್ಯುತ್ತಿನ ಖರ್ಚನ್ನೂ ಎಣಿಸಬೇಕು. ಒಂದೂವರೆ ಕಿಲೋವಾಟ್ ಎಳೆಯುವ ಯಂತ್ರ ದಿನಕ್ಕೆ 8 ಗಂಟೆ ಪೂರ್ಣಬಲದಿಂದ ನಡೆದರೆ 12 ಯೂನಿಟ್, ತಿಂಗಳ 25 ದಿನಕ್ಕೆ 300 ಯೂನಿಟ್. ಇನ್ವರ್ಟರ್ ಯಂತ್ರಕ್ಕೆ ಇದಕ್ಕಿಂತ ಕಡಿಮೆ. 75 ವಾಟಿನ ಫ್ಯಾನಿಗಾದರೋ ಅದೇ ಅವಧಿಗೆ 15 ಯೂನಿಟ್. 2002ರಲ್ಲಿ ಸ್ಥಾಪನೆಯಾದ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಯಂತ್ರಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳ ಗುರುತು ಕೊಡುತ್ತದೆ. ವರ್ಷದಲ್ಲಿ ಹಲವು ತಿಂಗಳು ನಡೆಯುವ ಯಂತ್ರಕ್ಕೆ ಹೆಚ್ಚು ನಕ್ಷತ್ರದ್ದೇ ಲಾಭ. 2020ರಿಂದ ಹೊಸ ಏಸಿಗಳು ತಾವಾಗಿ 24 ಡಿಗ್ರಿಗೆ ಹೊಂದಿಸಿಕೊಂಡು ಆರಂಭವಾಗಬೇಕೆಂಬ ನಿಯಮವಿದೆ. 26 ಡಿಗ್ರಿಗೆ ಇಟ್ಟು ಮೇಲೊಂದು ಫ್ಯಾನು ತಿರುಗಿಸಿದರೂ ದುಡಿಯುವವರಿಗೆ ಹಿತವೇ.

ಹೊರಗಿನ ಪೆಟ್ಟಿಗೆಯನ್ನು ಅಡುಗೆಮನೆಯ ಫ್ಯಾನು ಬಿಸಿಗಾಳಿ ಉಗುಳುವ ಕಡೆಗೆ ಇಡಬಾರದು. ಎಣ್ಣೆಯ ಜಿಡ್ಡಿಗೆ ಧೂಳು ಅಂಟಿ ಅದರ ಉಸಿರು ಕಟ್ಟುತ್ತದೆ. ಗಾಳಿಯಾಡುವ ನೆರಳಿನ ಜಾಗ ಬೇಕು. ಒಳಗಿನ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ತೊಳೆಯಬೇಕು. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಘಟ್ಟದ ಕಡೆಯಿಂದ ಗುಡುಗು ಕೇಳಿಸಿದೊಡನೆ ಯಂತ್ರವನ್ನು ನಿಲ್ಲಿಸಿ ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಆ ಹೊತ್ತಿಗೆ ಮಳೆಗಾಳಿ ಬೀಸಿ ಹೊರಗೆ ಹೇಗೂ ತಂಪಾಗಿರುತ್ತದೆ.