ಪುಡಿಯಲ್ಲಿ ಅಡಗಿದ ಹರಳುಗಳು

ವಿದ್ಯಾರ್ಥಿಗಳೇ, ಒಂದು ಚಿಟಿಕೆ ಅಡುಗೆ ಉಪ್ಪನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿರಿ. ಅದನ್ನು ನುಣ್ಣಗೆ ಅರೆದರೂ ಪ್ರತಿಯೊಂದು ಕಣವೂ ಪುಟ್ಟ ಹರಳೇ. ಹರಳಿನೊಳಗೆ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಆ ಸಾಲುಗಳ ನಡುವಿನ ಅಂತರ ಅಳೆಯಲು ಕ್ಷ-ಕಿರಣಗಳು ನೆರವಾಗುತ್ತವೆ. 1916ರಲ್ಲಿ ಡಿಬೈ ಮತ್ತು ಶೆರರ್ ಎಂಬ ವಿಜ್ಞಾನಿಗಳು ಪುಡಿಯ ಮೂಲಕ ಕ್ಷ-ಕಿರಣ ಹಾಯಿಸಿ ಇದನ್ನು ತೋರಿಸಿದರು. ಪುಡಿಯಿಂದ ಚದುರಿದ ಕಿರಣಗಳು ಉಂಗುರಗಳಾಗಿ ಕಾಣಿಸುತ್ತವೆ. ಇದೇ ಪುಡಿ ವಿವರ್ತನೆ.

ಮಧ್ಯಪ್ರದೇಶದ ಇಂದೋರಿನಲ್ಲಿರುವ ಸಂಶೋಧನಾ ಕೇಂದ್ರಕ್ಕೆ ಕರ್ನಾಟಕದಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿದೆ. ಅಲ್ಲಿಯ ಇಂಡಸ್-2 ಸಿಂಕ್ರೊಟ್ರಾನಿನ ಉಂಗುರದ ಸುತ್ತಳತೆ ಸುಮಾರು 172 ಮೀಟರ್. ಅದರೊಳಗೆ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಸುತ್ತುತ್ತವೆ. ಕಾಂತಗಳು ಅವುಗಳ ದಾರಿಯನ್ನು ಬಾಗಿಸಿದಾಗ ಪ್ರಖರವಾದ ಕ್ಷ-ಕಿರಣ ಹೊಮ್ಮುತ್ತದೆ. ಅದನ್ನು ಪ್ರಯೋಗದ ಕೋಣೆಗೆ ತರುವ ಹಾದಿಗೆ ಬೀಮ್‌ಲೈನ್ ಎನ್ನುತ್ತಾರೆ.

ಇಂಥ ಕಡೆ ಸಂಶೋಧಕರು ಮೊದಲೇ ಅರ್ಜಿ ಹಾಕಬೇಕು. ಸಿಗುವುದು ಕೆಲವೇ ದಿನ. ಹಗಲು ರಾತ್ರಿ ಸರದಿಯಲ್ಲಿ ದುಡಿಯಬೇಕು. ಆದುದರಿಂದ ಅರ್ಧ ಕೆಲಸ ಊರಲ್ಲೇ ಮುಗಿದಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಅರೆಯುವುದು. ಇದು ಸಣ್ಣ ಕೆಲಸವೆಂದು ನಗಬೇಡಿರಿ! ಪುಡಿ ತರಿತರಿಯಾಗಿದ್ದರೆ ಕಿರಣದ ಎದುರಿಗೆ ಸಿಗುವ ಹರಳುಗಳು ಕಡಿಮೆ. ಉಂಗುರ ಒಡೆದು ಬರೀ ಚುಕ್ಕೆಗಳಾಗುತ್ತದೆ. ಮೆದು ಹರಳನ್ನು ಕಲ್ವದಲ್ಲಿ ಅತಿಯಾಗಿ ಅರೆದರೆ ಅದರ ಸಾಲುಗಳೇ ಕೆಡುತ್ತವೆ. ಆಗ ಉಂಗುರ ಅಗಲವಾಗಿ ಮಸುಕಾಗುತ್ತದೆ. ಹದವಾದ ಪುಡಿಯನ್ನು ಅರ್ಧ ಮಿಲಿಮೀಟರ್ ದಪ್ಪದ ಗಾಜಿನ ಕೊಳವೆಗೆ ಮೆಲ್ಲಗೆ ತಟ್ಟಿ ತಟ್ಟಿ ತುಂಬುತ್ತಾರೆ. ಕೊಳವೆ ಮುರಿಯುವುದು ಸಾಮಾನ್ಯ, ಹೆಚ್ಚಿಗೆ ನಾಲ್ಕಾರು ಜೊತೆಗಿರಲಿ. ಅಳತೆಯ ಹೊತ್ತಿನಲ್ಲಿ ಅದನ್ನು ತಿರುಗಿಸುತ್ತಿದ್ದರೆ ಹೆಚ್ಚು ಹರಳುಗಳು ಸರದಿಗೆ ಬರುತ್ತವೆ.

ಕಿರಣದ ತರಂಗಾಂತರವನ್ನೂ ಯೋಚಿಸಿ ಆರಿಸಬೇಕು. ಪುಡಿಯಲ್ಲಿ ಕಬ್ಬಿಣವಿದ್ದು, ಕಿರಣದ ಶಕ್ತಿ 7.112 ಕಿಲೋ ಎಲೆಕ್ಟ್ರಾನ್ ವೋಲ್ಟಿಗಿಂತ ತುಸು ಮೇಲಿದ್ದರೆ ಕಬ್ಬಿಣ ಅದನ್ನು ಬಹಳವಾಗಿ ಹೀರಿ ತನ್ನದೇ ಕಿರಣ ಚೆಲ್ಲುತ್ತದೆ. ಆ ಗದ್ದಲದಲ್ಲಿ ನಮ್ಮ ಉಂಗುರಗಳು ಮುಳುಗಿಹೋಗುತ್ತವೆ.

ಬೀಮ್‌ಲೈನ್ ತಲುಪಿದೊಡನೆ ನಿಮ್ಮ ಪುಡಿಯನ್ನೇ ಇಡಬಾರದು. ಮೊದಲು ಸಿಲಿಕಾನ್ ಪುಡಿ ಇಟ್ಟು ನೋಡುತ್ತಾರೆ. ಅದರ ಘಟಕದ ಅಂಚು 5.431 ಆಂಗ್‌ಸ್ಟ್ರಾಂ ಎಂದು ಗೊತ್ತಿರುವುದರಿಂದ ತರಂಗಾಂತರವನ್ನು ತಾಳೆ ನೋಡಬಹುದು. ತರಂಗಾಂತರದಲ್ಲಿ ಸಾವಿರಕ್ಕೆ ಒಂದು ಪಾಲು ತಪ್ಪಿದರೆ, ಅಳೆದ ಅಂತರಗಳೆಲ್ಲ ಸಾವಿರಕ್ಕೆ ಒಂದು ಪಾಲು ತಪ್ಪುತ್ತವೆ. ತಕ್ಕಡಿಯೇ ಸುಳ್ಳಾದ ಮೇಲೆ ತೂಗಿ ಫಲವೇನು? ಬಳಿಕ ಖಾಲಿ ಕೊಳವೆ. ಗಾಜು ಚದುರಿಸುವ ಕಿರಣವನ್ನು ಲೆಕ್ಕದಿಂದ ತೆಗೆಯಲು ಇದು ಬೇಕು. ಕೋಣೆಯಲ್ಲಿ ಯಾರೂ ಇಲ್ಲವೆಂದು ಹುಡುಕಿ, ಬಾಗಿಲು ಬೀಗವಾದ ಮೇಲೆಯೇ ಕಿರಣ ಒಳಗೆ ಬರುತ್ತದೆ.

ಕೊನೆಯಲ್ಲಿ ಮೊದಲ ಅಳತೆಯನ್ನು ಅದೇ ಪುಡಿಯ ಮೇಲೆ ಇನ್ನೊಮ್ಮೆ ಮಾಡಬೇಕು. ಉಂಗುರಗಳು ಜರುಗಿದ್ದರೆ ಅಥವಾ ಮಂಕಾಗಿದ್ದರೆ, ಕಿರಣವೇ ಹರಳನ್ನು ಕೆಡಿಸಿರಬಹುದು.

ಲೆಕ್ಕ ಮಾಡಿರಿ: ಉಪ್ಪಿನ ಸಾಲುಗಳ ಅಂತರ 2.82 ಆಂಗ್‌ಸ್ಟ್ರಾಂ, ತರಂಗಾಂತರ 0.8 ಆಂಗ್‌ಸ್ಟ್ರಾಂ ಆದರೆ, ಬ್ರಾಗ್ ನಿಯಮದಂತೆ ಕಿರಣವು ನೇರ ದಾರಿಯಿಂದ ಎಷ್ಟು ಡಿಗ್ರಿ ಬಾಗುತ್ತದೆ? (ಉತ್ತರ: ಸುಮಾರು 16.3)