ಗಣಕಯಂತ್ರ ಚಾಲನೆಗೊಳ್ಳದಿದ್ದಾಗ: ಸದಸ್ಯರು ತಿಳಿದಿರಬೇಕಾದ ಪ್ರಾಥಮಿಕ ಪರಿಶೀಲನೆ

(ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಜಾವಗಲ್ ಅಥವಾ ಹಳೇಬೀಡು ಹೋಬಳಿಯ ರೈತರೊಬ್ಬರು ನಮೂನೆ 9ರ ಪ್ರತಿಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಪಂಚಾಯಿತಿ ಕಚೇರಿಗೆ ಬಂದಿದ್ದಾರೆಂದು ಭಾವಿಸೋಣ. “ಕಂಪ್ಯೂಟರ್ ಆನ್ ಆಗುತ್ತಿಲ್ಲ, ನಾಳೆ ಬನ್ನಿ” ಎಂಬ ಉತ್ತರ ಅವರಿಗೆ ಎರಡನೆಯ ದಿನದ ಕೂಲಿಯನ್ನೂ ಕಳೆಯುತ್ತದೆ. ಇ-ಸ್ವತ್ತು, ಪಂಚತಂತ್ರ ಹಾಗೂ ಬಾಪೂಜಿ ಸೇವಾ ಕೇಂದ್ರದ ಸೇವೆಗಳೆಲ್ಲವೂ ಗಣಕಯಂತ್ರವನ್ನೇ ಅವಲಂಬಿಸಿವೆ. ಆದರೆ ಯಂತ್ರ ಚಾಲನೆಗೊಳ್ಳದಿರಲು ಸಡಿಲವಾದ ಒಂದು ವೈರು ಅಥವಾ ಸತ್ತುಹೋದ ಒಂದು ಬ್ಯಾಟರಿ ಮಾತ್ರವೇ ಕಾರಣವಾಗಿರುವುದುಂಟು. ದುರಸ್ತಿಯನ್ನು ಸದಸ್ಯರೇ ಮಾಡಬೇಕೆಂಬುದು ಈ ಪಾಠದ ಉದ್ದೇಶವಲ್ಲ. ವೆಚ್ಚಕ್ಕೆ ಒಪ್ಪಿಗೆ ನೀಡುವ ಮುನ್ನ ಸರಿಯಾದ ಪ್ರಶ್ನೆಗಳನ್ನು ಕೇಳುವಂತಾಗಬೇಕು ಎಂಬುದೇ ಉದ್ದೇಶ.

ಮೊದಲ ಪ್ರಶ್ನೆ: ಯಂತ್ರಕ್ಕೆ ವಿದ್ಯುತ್ ಬರುತ್ತಿಲ್ಲವೇ, ಪರದೆ ಮಾತ್ರ ಕಾಣುತ್ತಿಲ್ಲವೇ?

ಇವೆರಡೂ ಬೇರೆ ಬೇರೆ ದೋಷಗಳು. ಗುಂಡಿ ಒತ್ತಿದಾಗ ಸಿ.ಪಿ.ಯು. ಪೆಟ್ಟಿಗೆಯ ದೀಪ ಹೊತ್ತಿ, ಒಳಗಿನ ಫ್ಯಾನು ತಿರುಗಿದರೆ ವಿದ್ಯುತ್ ಬರುತ್ತಿದೆ ಎಂದರ್ಥ. ಆಗ ಮಾನಿಟರಿನ ಸ್ವಿಚ್ಚು, ಅದರ ಕೇಬಲ್ಲು ಅಥವಾ ರ‍್ಯಾಮ್‌ನಲ್ಲಿ ತೊಂದರೆ ಇರಬಹುದು. ದೀಪವೂ ಇಲ್ಲ, ಫ್ಯಾನೂ ತಿರುಗದು ಎಂದಾದರೆ ಕೆಳಗಿನ ಹಂತಗಳನ್ನು ಕ್ರಮವಾಗಿ ಅನುಸರಿಸತಕ್ಕದ್ದು.

1. ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರನ್ನೋ ದೀಪವನ್ನೋ ಹಾಕಿ ವಿದ್ಯುತ್ ಇದೆಯೇ ಎಂದು ನೋಡಬೇಕು.

2. ಯು.ಪಿ.ಎಸ್. ಅನ್ನು ಬಿಟ್ಟು, ಸಿ.ಪಿ.ಯು. ವೈರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ಪರೀಕ್ಷಿಸಬೇಕು. ಆಗ ಯಂತ್ರ ಚಾಲನೆಗೊಂಡರೆ ದೋಷವಿರುವುದು ಯು.ಪಿ.ಎಸ್.ನಲ್ಲಿ. ಅದರ ಬ್ಯಾಟರಿ ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಶಕ್ತಿಗುಂದುತ್ತದೆ; ಬ್ಯಾಟರಿಯನ್ನಷ್ಟೇ ಬದಲಿಸಿದರೆ ಸಾಕಾಗಬಹುದು.

3. ಮಾನಿಟರಿನ ವಿದ್ಯುತ್ ವೈರೂ ಸಿ.ಪಿ.ಯು.ವಿನ ವೈರೂ ಹೆಚ್ಚಾಗಿ ಒಂದೇ ಬಗೆಯವು. ಸ್ವಿಚ್ಚು ಆರಿಸಿ ಅವುಗಳನ್ನು ಅದಲುಬದಲು ಮಾಡಿದರೆ ವೈರು ಕೆಟ್ಟಿದೆಯೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

4. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಸ್ವಿಚ್ಚು ಇದ್ದರೆ ಅದು ಗೆರೆಯ ಗುರುತಿನ ಕಡೆಗೆ ಇರಬೇಕು. ಸೊನ್ನೆಯ ಕಡೆಗಿದ್ದರೆ ಆರಿದೆ ಎಂದರ್ಥ.

5. ವೈರನ್ನು ಕಿತ್ತು, ಮುಂಭಾಗದ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಪ್ರಿಂಟರ್ ಮತ್ತು ಪೆನ್‌ಡ್ರೈವ್‌ಗಳನ್ನು ಬೇರ್ಪಡಿಸಿ, ಮತ್ತೆ ವಿದ್ಯುತ್ ಜೋಡಿಸಿ ಪ್ರಯತ್ನಿಸಬೇಕು.

ಸುಟ್ಟ ವಾಸನೆ, ಹೊಗೆ ಅಥವಾ ಚಟಪಟ ಸದ್ದು ಕಂಡುಬಂದಲ್ಲಿ ತಕ್ಷಣ ಮುಖ್ಯ ಸ್ವಿಚ್ಚನ್ನು ಆರಿಸಿ ಅಲ್ಲಿಗೇ ನಿಲ್ಲಿಸತಕ್ಕದ್ದು. ಪೆಟ್ಟಿಗೆಯೊಳಗಿನ ಎಸ್.ಎಂ.ಪಿ.ಎಸ್. ಭಾಗವನ್ನು ಯಾವ ಸಂದರ್ಭದಲ್ಲಿಯೂ ಕಚೇರಿಯಲ್ಲಿ ಬಿಚ್ಚಬಾರದು. 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸುವ ಈ ಭಾಗದಲ್ಲಿ ವೈರು ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ನಮ್ಮ ಸೀಮೆಯ ಕಾರಣಗಳು

ಅರಸೀಕೆರೆಯ ಬಯಲಿನಲ್ಲಿ ಧೂಳು ಫ್ಯಾನಿಗೆ ಕಟ್ಟಿಕೊಂಡು ಯಂತ್ರ ಕಾಯುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ರಕ್ಷಣೆ ಕುಗ್ಗುತ್ತದೆ. ಆಗಾಗ ಅದಕ್ಕೆ ನೀರು ಹಾಕಿಸಬೇಕು. ಬೇಲೂರು ತಾಲ್ಲೂಕಿನ ಮಲೆನಾಡ ಸೆರಗಿನಲ್ಲಿ ಮಳೆಗಾಲದ ತೇವವು ಜೋಡಣೆಗಳಿಗೆ ತುಕ್ಕು ಹಿಡಿಸುತ್ತದೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ ವೈರನ್ನೂ ಕಿತ್ತಿಡಬೇಕು. ದಿನಾಂಕ ಪದೇ ಪದೇ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಒಳಗಿನ 3 ವೋಲ್ಟ್ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು. ದಿನಾಂಕ ತಪ್ಪಿದ್ದರೆ ಸರ್ಕಾರಿ ಜಾಲತಾಣಗಳೂ ತೆರೆಯದಿರಬಹುದು.

ದಾಖಲೆಗಳ ರಕ್ಷಣೆ

ವಿದ್ಯುತ್ ಬಾರದ ಮಾತ್ರಕ್ಕೆ ಹಾರ್ಡ್‌ಡಿಸ್ಕಿನ ದಾಖಲೆಗಳು ಅಳಿಸಿಹೋಗುವುದಿಲ್ಲ. ಇ-ಸ್ವತ್ತು ಮತ್ತು ಪಂಚತಂತ್ರದಲ್ಲಿ ಸಲ್ಲಿಸಿದ ಮಾಹಿತಿ ಸರ್ವರ್‌ನಲ್ಲಿರುತ್ತದೆ. ಬೇರೊಂದು ಯಂತ್ರದಿಂದಲೂ ಕೆಲಸ ಮುಂದುವರಿಸಬಹುದು. ಆದರೆ ಸಭಾ ನಡವಳಿ, ಪತ್ರಗಳು ಹಾಗೂ ಫಲಾನುಭವಿಗಳ ಪಟ್ಟಿಗಳು ಆ ಡಿಸ್ಕಿನಲ್ಲಿಯೇ ಇರಬಹುದು. ಯಂತ್ರವನ್ನು ದುರಸ್ತಿಗೆ ಕಳುಹಿಸುವಾಗ ತಂತ್ರಜ್ಞರಿಂದ ಹಾರ್ಡ್‌ಡಿಸ್ಕನ್ನು ತೆಗೆಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿ ಇರಿಸುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಕ್ರಮಸಂಖ್ಯೆಯನ್ನು ವಹಿಯಲ್ಲಿ ನಮೂದಿಸಿ ಸ್ವೀಕೃತಿ ಪಡೆಯಬೇಕು. ಪ್ರತಿ ಮಾಡಿಕೊಳ್ಳದೆ ಫಾರ್ಮ್ಯಾಟ್ ಮಾಡಲು ಒಪ್ಪಬಾರದು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಹೊಸ ಗಣಕಯಂತ್ರ ಖರೀದಿಯ ಪ್ರಸ್ತಾವ ಬಂದಾಗ ಸದಸ್ಯರು ಹೀಗೆ ಕೇಳಬಹುದು: ಮೇಲಿನ ಐದು ಹಂತಗಳನ್ನು ಪರಿಶೀಲಿಸಲಾಗಿದೆಯೇ? ಕೆಟ್ಟ ಭಾಗ ಯಾವುದೆಂದು ತಂತ್ರಜ್ಞರು ಲಿಖಿತವಾಗಿ ತಿಳಿಸಿದ್ದಾರೆಯೇ? ವಾರಂಟಿ ಅವಧಿ ಇದೆಯೇ? ಯಂತ್ರ ನಿಂತ ದಿನಗಳಲ್ಲಿ ಬಂದ ಅರ್ಜಿಗಳನ್ನು ಕೈಬರಹದಲ್ಲಾದರೂ ಸ್ವೀಕರಿಸಿ ರಸೀದಿ ನೀಡಲಾಗಿದೆಯೇ?

ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಯಂತ್ರ ನಿಂತರೂ ಸೇವೆ ನಿಲ್ಲಬಾರದು. ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸಲು ಹಾಗೂ ಐದು ಹಂತಗಳ ಪ್ರತಿಯನ್ನು ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸಲು ಕೋರಲಾಗಿದೆ.